ಮಾಣಿಕ್ಯದ ಕೊರಳು

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಉಪಾಧ್ಯಾಯನಾಗಿದ್ದವನು. ಶಾಲೆಯ ಅಂಗಳದ ದಾಸವಾಳಕ್ಕೆ ಬರುತ್ತಿದ್ದ ಪುಟ್ಟ ಹಕ್ಕಿಯನ್ನು ತೋರಿಸಿ, 'ಇದೇ ಹಮ್ಮಿಂಗ್ ಬರ್ಡ್' ಎಂದು ಎಷ್ಟು ತರಗತಿಗಳಿಗೆ ಪಾಠ ಹೇಳಿದೆನೋ ಲೆಕ್ಕವಿಲ್ಲ. ಆ ಮಾತು ಸುಳ್ಳೆಂದು ತಿಳಿಯಲು ನಾನು ನಿವೃತ್ತನಾಗಿ, ಕಡಲು ದಾಟಿ, ವರ್ಜೀನಿಯಾದಲ್ಲಿರುವ ಮಗನ ಮನೆಯ ಹಿತ್ತಿಲಲ್ಲಿ ಕೂರಬೇಕಾಯಿತು.

ಜೂನ್ ತಿಂಗಳ ಕೊನೆಯ ಒಂದು ಮುಂಜಾನೆ. ಬೇಲಿಗೆ ಹಬ್ಬಿದ ಬಳ್ಳಿಯಲ್ಲಿ ತುತ್ತೂರಿಯಂಥ ಕೆಂಪು ಹೂಗಳು. ಅಲ್ಲಿ ಗುಂಯ್ ಎಂದ ಸದ್ದನ್ನು ದುಂಬಿಯದೆಂದು ಬಗೆದು ನೋಡಿದರೆ, ಹೆಬ್ಬೆರಳುದ್ದದ ಹಕ್ಕಿಯೊಂದು ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಹೂವಿನೊಳಗೆ ಕೊಕ್ಕಿಳಿಸಿ, ಮಧು ಹೀರಿ, ಮುಖ ತಿರುಗಿಸದೆಯೇ ಹಿಂದಕ್ಕೆ ಹಾರಿತು. ಬೆನ್ನು ಹಸುರು, ಕೊರಳು ಕಪ್ಪು. ಅದು ಬಿಸಿಲಿಗೆ ಹೊರಳಿದೊಡನೆ ಆ ಕಪ್ಪು ಕೊರಳು ಕೆಂಡದಂತೆ ಹೊಳೆಯಿತು. ಆ ಕೆಂಪು ಬಣ್ಣದಿಂದ ಬಂದುದಲ್ಲ. ಗರಿಯ ಸೂಕ್ಷ್ಮರಚನೆ ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಮೂಡುವಂಥದು. ಹೆಣ್ಣಿಗೆ ಈ ಆಭರಣವಿಲ್ಲ. ಅದರ ಕೊರಳು ಬಿಳುಪು.

"ಇದನ್ನು ನಮ್ಮ ಶಾಲೆಯಲ್ಲಿ ದಿನವೂ ಕಾಣುತ್ತಿದ್ದೆ" ಎಂದೆ. ಪಕ್ಕದಲ್ಲಿದ್ದ ಮೊಮ್ಮಗಳು ತನ್ನ ಪುಸ್ತಕವನ್ನು ತೆರೆದು, "ಇಲ್ಲ ಅಜ್ಜ, ಇವು ಎರಡು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲವಂತೆ. ಅಪ್ಪನೂ ನಿಮ್ಮ ಹಾಗೆಯೇ ಹೇಳುತ್ತಾರೆ" ಎಂದಳು. ಮಗ ನನ್ನ ತರಗತಿಯಲ್ಲಿಯೇ ಓದಿದವನು. ನನ್ನ ತಪ್ಪು ನನಗಿಂತ ಮೊದಲೇ ಕಡಲು ದಾಟಿತ್ತು!

ಆ ಬೇಸಗೆಯೆಲ್ಲ ನಾನೇ ವಿದ್ಯಾರ್ಥಿಯಾದೆ. ಹಕ್ಕಿಯ ತೂಕ ಸುಮಾರು 3 ಗ್ರಾಂ, ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ರೆಕ್ಕೆ ಸೆಕೆಂಡಿಗೆ 50 ಸಲದಷ್ಟು ಬಡಿಯುತ್ತದೆ. ಇಷ್ಟು ದುಡಿಮೆಗೆ ಮಧು ಮಾತ್ರ ಸಾಲದು. ಸಣ್ಣ ಹುಳುಗಳನ್ನೂ ಹಿಡಿಯುತ್ತದೆ. ಚಳಿಯ ರಾತ್ರಿಗಳಲ್ಲಿ ಮೈಯ ಬಿಸಿಯನ್ನು ಇಳಿಸಿ, ಸತ್ತಂತೆ ಜಡವಾಗಿದ್ದು ಕಸುವನ್ನು ಉಳಿಸಿಕೊಳ್ಳಬಲ್ಲದು. ಸೊಸೆ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ತೂಗುಹಾಕಿದ್ದಳು; ಅದರ ಬಳಿಗೆ ಮತ್ತೊಂದು ಹಕ್ಕಿ ಸುಳಿಯದಂತೆ ಈ ಮಹಾಶಯ ಅಟ್ಟಿಸಿಕೊಂಡು ಹೋಗುತ್ತಿದ್ದ. ಶೌರ್ಯವೆಲ್ಲ ಇಷ್ಟಕ್ಕೇ. ಗೂಡು ಕಟ್ಟುವುದು, ಎರಡು ಮೊಟ್ಟೆಗಳಿಗೆ ಕಾವು ಕೊಡುವುದು, ಮರಿ ಸಾಕುವುದು ಎಲ್ಲವೂ ಹೆಣ್ಣಿನ ಪಾಲು. ಅರ್ಧ ಅಕ್ರೋಟಿನ ಚಿಪ್ಪಿನಷ್ಟಿರುವ ಗೂಡನ್ನು ಅದು ಜೇಡರ ನೂಲಿನಿಂದ ಬಿಗಿದು, ಹೊರಗೆ ಕಲ್ಲುಹೂ ಅಂಟಿಸುತ್ತದೆ.

ಆಗಸ್ಟ್ ಕಳೆಯುವುದರೊಳಗೆ ನಮ್ಮ ಮಾಣಿಕ್ಯದ ಕೊರಳಿನವನು ಹೊರಟುಹೋದ. ಸೆಪ್ಟೆಂಬರಿನಲ್ಲಿ ಆ ವರ್ಷದ ಮರಿಗಳು ಉಂಡು ಉಂಡು ದುಂಡಗಾದವು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಅವುಗಳ ಚಳಿಗಾಲದ ಬೀಡು. ಹಲವು ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಒಂದೇ ಉಸಿರಿಗೆ ದಾಟುತ್ತವೆ. ಎಳೆಯ ಹಕ್ಕಿಗೂ ದಾರಿ ತೋರುವ ತಾಯಿತಂದೆಗಳಿಲ್ಲ. ಇದನ್ನು ಓದಿದ ದಿನ, ಹಿಂದೆ ಒಂದೇ ಪೆಟ್ಟಿಗೆ ಹಿಡಿದು ಹೊರಟಿದ್ದ ಮಗನ ಮುಖವನ್ನು ನಾನು ಸ್ವಲ್ಪ ಹೊತ್ತು ನೋಡಿದೆ.

ಊರಿಗೆ ಬಂದವನು ಹಳೆಯ ಶಾಲೆಗೆ ಹೋದೆ. ದಾಸವಾಳದ ಮೇಲೆ ಅದೇ ಹಕ್ಕಿ, ರೆಂಬೆಯನ್ನು ಹಿಡಿದು ಕುಳಿತೇ ಮಧು ಕುಡಿಯುತ್ತಿತ್ತು. ಇದು ಸೂರಕ್ಕಿ. ಹಮ್ಮಿಂಗ್ ಬರ್ಡಿಗೆ ಬಂಧುವಲ್ಲ. ಒಂದೇ ಬಗೆಯ ಜೀವನೋಪಾಯ ಎರಡಕ್ಕೂ ನೀಳವಾದ ಕೊಕ್ಕನ್ನು ಕೊಟ್ಟಿದೆ. ಇದೂ ಜೇಡರ ನೂಲಿನಿಂದಲೇ ತನ್ನ ತೂಗುಗೂಡನ್ನು ಹೆಣೆಯುತ್ತದೆ. ಪರದೇಶದ ಹೆಸರನ್ನು ಇದರ ತಲೆಗೆ ಕಟ್ಟಿ, ನಾನು ಎರಡು ಹಕ್ಕಿಗಳಿಗೂ ಅನ್ಯಾಯ ಮಾಡಿದ್ದೆ.

ಮಕ್ಕಳನ್ನು ಕರೆದು ನಡೆದುದನ್ನು ಹೇಳಿದೆ. "ಹಾಗಾದರೆ ಮೊದಲು ಓದಿದವರಿಗೆ ಯಾರು ಹೇಳುತ್ತಾರೆ, ಸಾರ್?" ಎಂದು ಒಬ್ಬ ಹುಡುಗ ಕೇಳಿದ. ಅವರಲ್ಲಿ ಯಾರಾದರೂ ಓದಲಿ ಎಂದೇ ಇದನ್ನು ಬರೆದಿದ್ದೇನೆ.