ಮಂತ್ರಾಲಯದಲ್ಲಿ ರಾತ್ರಿಯೂಟ

ರಥೋತ್ಸವ ಮುಗಿಯುತ್ತಿದ್ದಂತೆ ಮಠದ ಪ್ರಾಕಾರದಿಂದ ಜನ ಬೀದಿಗಿಳಿಯುತ್ತಾರೆ. ಕೈಯಲ್ಲಿ ಪರಿಮಳ ಪ್ರಸಾದದ ಪೊಟ್ಟಣ, ಮಕ್ಕಳ ಕಣ್ಣಲ್ಲಿ ನಿದ್ದೆ, ಎಲ್ಲರಿಗೂ ಹಸಿವು. ಹೋಟೆಲುಗಳ ಬೋರ್ಡುಗಳಲ್ಲಿ ತೆಲುಗು, ಕನ್ನಡ ಎರಡೂ ಇವೆ. ಬಾಗಿಲಲ್ಲಿ ನಿಂತ ಹುಡುಗ ಮುಖ ನೋಡಿಯೇ ಭಾಷೆ ಆರಿಸಿಕೊಂಡು, "ಬರ್ರಿ ಅಣ್ಣಾ, ಊಟ ಐತಿ, ಟಿಫನ್ ಐತಿ" ಎಂದು ಕರೆಯುತ್ತಾನೆ.

ನಮ್ಮ ಮದ್ದಿಕೇರದ ಕಡೆಯವರು ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಆದೋನಿ ದಾಟಿ, ಮಂತ್ರಾಲಯ ರೋಡ್ ನಿಲ್ದಾಣದಲ್ಲಿ ಇಳಿದು ಬಂದವರು. ಅಲ್ಲಿಂದ ಊರಿಗೆ ಇನ್ನೂ ಸುಮಾರು 16 ಕಿ.ಮೀ. ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಡಳಿತದ ಗಡಿ ಸರಿಯಿತು, ತಟ್ಟೆ ಬದಲಾಗಲಿಲ್ಲ. ತುಂಗಭದ್ರಾ ಹೊಳೆಯ ಆಚೆ ಕರ್ನಾಟಕದ ರಾಯಚೂರು ಜಿಲ್ಲೆ. ಎರಡೂ ದಡದಲ್ಲಿ ಜೋಳ, ಶೇಂಗಾ, ಮೆಣಸಿನಕಾಯಿಯದೇ ಅಡುಗೆ.

ಮೊದಲ ರಾತ್ರಿ ಮಠದ ಪಂಕ್ತಿಯಲ್ಲಿ ಕೂರುವುದೇ ಸರಿ. ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ರಾಯರಿಗೆ ಕೊಟ್ಟ ಮಂಚಾಲೆ ಇದು. 1671ರಲ್ಲಿ ಅವರು ಇಲ್ಲಿಯೇ ಬೃಂದಾವನಸ್ಥರಾದರು. ಪಂಕ್ತಿಯಲ್ಲಿ ಅನ್ನ, ಸಾರು, ಮಜ್ಜಿಗೆ.  ಬಡಿಸುವ ಹೊತ್ತನ್ನು ಮಾತ್ರ ಬಂದ ಕೂಡಲೇ ವಿಚಾರಿಸಿಕೊಳ್ಳಬೇಕು. ಏಕಾದಶಿ ಮಾಧ್ವರಿಗೆ ಉಪವಾಸದ ದಿನ, ಆದ್ದರಿಂದ ಹೊರಡುವ ಮುಂಚೆ ಪಂಚಾಂಗ ನೋಡಿಕೊಳ್ಳುವುದೂ ಒಳ್ಳೆಯದು.

ಎರಡನೆಯ ರಾತ್ರಿ ಬೀದಿಯದು. ಬೆಂಗಳೂರಿನಿಂದ ಬಂದವರು ಇಲ್ಲಿಯೂ ಮಸಾಲೆ ದೋಸೆಯನ್ನೇ ಹುಡುಕುತ್ತಾರೆ. ಅವರಿಗೆ ನಾನು ಉಗ್ಗಾಣಿ ತೋರಿಸುತ್ತೇನೆ. ಮಂಡಕ್ಕಿಯನ್ನು ನೀರಿಗೆ ಹಾಕಿ, ಮೆತ್ತಗಾಗುವಷ್ಟರಲ್ಲಿ ಎರಡೂ ಅಂಗೈಯಲ್ಲಿ ಹಿಂಡಿ ತೆಗೆಯುತ್ತಾರೆ. ಬಾಣಲೆಯಲ್ಲಿ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸು, ಅರಿಸಿನ. ಹಿಂಡಿದ ಮಂಡಕ್ಕಿ ಬಿದ್ದೊಡನೆ ಹಳದಿಯಾಗುತ್ತದೆ. ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಮಗ್ಗುಲಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟರೆ ಮುಗಿಯಿತು. ಮನೆಯಲ್ಲಿ ದಿನಾ ಇದನ್ನೇ ತಿನ್ನುವ ನಮ್ಮ ಸೀಮೆಯವರಿಗೆ ರಾತ್ರಿ ರೊಟ್ಟಿಯೇ ಬೇಕು.

ರೊಟ್ಟಿಯ ಹೋಟೆಲು ಆರಿಸಲು ಬೋರ್ಡು ಓದಬೇಕಿಲ್ಲ, ಕಿವಿಗೊಟ್ಟರೆ ಸಾಕು. ಒಳಗೆ ತಟ್ಟುವ ಸದ್ದು ಕೇಳಿದರೆ ಕೂರಬೇಕು. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ತಟ್ಟುವಾಕೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ, ತಿರುವಿ ಹಾಕುತ್ತಾಳೆ, ಅದು ಉಬ್ಬುತ್ತದೆ. ಜತೆಗೆ ಪುಂಡಿಪಲ್ಲೆ, ಶೇಂಗಾ ಚಟ್ನಿಪುಡಿ, ಮೊಸರು. ಹಲ್ಲಿಲ್ಲದ ಅಜ್ಜಿಗೆ ಮೆತ್ತಗಿನ ಅನ್ನ ಕೇಳಿದರೆ, "ಇರವ್ವಾ, ಬಿಸೀದು ಹಾಕ್ತೀನಿ" ಎನ್ನುವ ಮನೆಯೇ ಒಳ್ಳೆಯ ಹೋಟೆಲು.

2009ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಮಠಕ್ಕೂ ಬೀದಿಗಳಿಗೂ ನುಗ್ಗಿತ್ತು. ಅಂಥ ಪ್ರವಾಹ ಕಂಡ ಊರಿನಲ್ಲಿ ಇವತ್ತು ನೂರಾರು ಜನಕ್ಕೆ ರಾತ್ರಿ ಬಿಸಿ ಊಟ ಸಿಗುತ್ತಿದೆ ಎಂಬುದು ಸಣ್ಣ ಮಾತಲ್ಲ.

ಬೇಸಿಗೆಯಲ್ಲಿ ಬಂಡೆ ತೋರುವ ಈ ಹೊಳೆಯ ನೀರು ಅಣೆಕಟ್ಟೆಯಿಂದ ಕಾಲುವೆ ಹಿಡಿದು ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳ ಹೊಲಕ್ಕೆ ಹೋಗುತ್ತದೆ. ಸಿಂಧನೂರು, ಮಾನ್ವಿಯ ಸೋನಾಮಸೂರಿ ಅದರಿಂದಲೇ ಬೆಳೆಯುತ್ತದೆ. ದಂಡೆಗೆ ಬಂದವರು ದಂಡೆಯ ಅಡುಗೆಯನ್ನೇ ಕೇಳಿ ಉಣ್ಣಬೇಕು. ಗಿರಾಕಿ ಕೇಳಿದರೆ ಮಾತ್ರ ಹೋಟೆಲಿನವರು ರೊಟ್ಟಿ ತಟ್ಟುವ ಕೈಗಳನ್ನು ಕೆಲಸದಲ್ಲಿ ಉಳಿಸಿಕೊಳ್ಳುತ್ತಾರೆ.