ಹೊಳೆಯುವ ಹಳೆಯ ರೂಪಾಯಿಗೆ ಬೆಲೆ ಕಡಿಮೆ ಏಕೆ?

ಬೆಂಗಳೂರು: ಅಜ್ಜಿಯ ಪೆಟ್ಟಿಗೆಯಲ್ಲಿದ್ದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಫಳಫಳನೆ ಹೊಳೆಯಿಸಿ ನಾಣ್ಯ ವ್ಯಾಪಾರಿಯ ಮುಂದಿಟ್ಟವರಿಗೆ ಸಾಮಾನ್ಯವಾಗಿ ಕಾದಿರುವುದು ನಿರಾಸೆ. ಅದೇ ಇಸವಿಯ, ಮಸುಕು ಬೂದುಬಣ್ಣಕ್ಕೆ ತಿರುಗಿದ ಇನ್ನೊಂದು ನಾಣ್ಯಕ್ಕೆ ವ್ಯಾಪಾರಿ ಹೆಚ್ಚು ಬೆಲೆ ಕಟ್ಟುತ್ತಾನೆ. ಸಂಗ್ರಾಹಕರು ಯಾವ ಸ್ಥಿತಿಯ ನಾಣ್ಯವನ್ನು ಬಯಸುತ್ತಾರೆ, ಯಾವುದನ್ನು ಮುಟ್ಟುವುದಿಲ್ಲ ಎಂಬುದನ್ನು ತಿಳಿಯದೆ ಕೊಳ್ಳುವವರೂ ಮಾರುವವರೂ ಮೋಸ ಹೋಗುವುದು ಇಲ್ಲಿಯೇ.

ಮೊದಲು ಲೋಹದ ಲೆಕ್ಕ. 1862ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7ರಷ್ಟು ಬೆಳ್ಳಿ. ಎಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಶೇ. 50ಕ್ಕೆ ಇಳಿಸಲಾಯಿತು. ಈ ಬೆಳ್ಳಿಯ ಬೆಲೆ ನಾಣ್ಯ ಎಷ್ಟೇ ಸವೆದಿದ್ದರೂ ಹೆಚ್ಚುಕಡಿಮೆ ದೊರೆಯುವಂಥದ್ದು. ಅದಕ್ಕಿಂತ ಮೇಲೆ ಕೊಡುವ ಪ್ರತಿಯೊಂದು ರೂಪಾಯಿಯೂ ಅಪರೂಪಕ್ಕೆ ಇಲ್ಲವೇ ಸ್ಥಿತಿಗೆ ಸಲ್ಲುವ ಬೆಲೆ. ಇಸವಿ ಹಳೆಯದೆಂಬುದೇ ಅಪರೂಪದ ಲಕ್ಷಣವಲ್ಲ. 1862 ಎಂದು ಅಚ್ಚಾದ ರೂಪಾಯಿಗಳನ್ನು ಇಸವಿ ಬದಲಿಸದೆ 1874ರವರೆಗೂ ಟಂಕಿಸಲಾಗಿತ್ತು. ಹೀಗಾಗಿ ಆ ಇಸವಿಯ ನಾಣ್ಯಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ.

ನಾಣ್ಯದ ಸ್ಥಿತಿಯನ್ನು ಅಳೆಯಲು ಇಂದು ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿರುವುದು 1ರಿಂದ 70ರವರೆಗಿನ ಶೆಲ್ಡನ್ ಮಾಪಕ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ಇದನ್ನು ರೂಪಿಸಿದರು. 70ರ ನಾಣ್ಯ 1ರ ನಾಣ್ಯಕ್ಕಿಂತ ಎಪ್ಪತ್ತು ಪಟ್ಟು ಬೆಲೆ ಬಾಳುತ್ತದೆ ಎಂಬುದು ಮೂಲ ಲೆಕ್ಕಾಚಾರವಾಗಿತ್ತು. ಆ ಲೆಕ್ಕ ಬೇಗನೆ ಸುಳ್ಳಾಯಿತು, ಅಂಕಿಗಳು ಮಾತ್ರ ಉಳಿದುಕೊಂಡವು. (ಇದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ನಾಣ್ಯಗಳನ್ನು ತೆಗೆದು, ಆ ಜಾಗದಲ್ಲಿ ಕಳಪೆ ನಾಣ್ಯಗಳನ್ನು ಇಟ್ಟಿದ್ದರೆಂಬುದು ಅವರ ಮರಣಾನಂತರ ಬಯಲಾಯಿತು. ಸ್ಥಿತಿಯ ಬೆಲೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು!) ನಮ್ಮ ವ್ಯಾಪಾರಿಗಳು ಅಂಕಿಗಿಂತ ಹೆಚ್ಚಾಗಿ ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರಾ ಫೈನ್’, ‘ಯುಎನ್‌ಸಿ’ ಎಂಬ ಮಾತುಗಳನ್ನೇ ಬಳಸುತ್ತಾರೆ.

ಸಾಮಾನ್ಯ ಇಸವಿಯ ರೂಪಾಯಿಯಾದರೆ ‘ವೆರಿ ಫೈನ್’ಗಿಂತ ಕೆಳಗಿನದನ್ನು ಅನುಭವಿ ಸಂಗ್ರಾಹಕರು ಬೆಳ್ಳಿಯ ಬೆಲೆಗಷ್ಟೇ ಕೊಳ್ಳುತ್ತಾರೆ. ಸವೆತ ಮೊದಲು ಕಾಣುವುದು ಉಬ್ಬಿದ ಭಾಗಗಳಲ್ಲಿ: ವಿಕ್ಟೋರಿಯಾಳ ಹಣೆಯ ಮೇಲಿನ ಕೂದಲು, ಐದನೇ ಜಾರ್ಜ್ ದೊರೆಯ ಕಿರೀಟ ಹಾಗೂ ನಿಲುವಂಗಿಯ ಮೇಲಿನ ಪುಟ್ಟ ಆನೆ. 1911ರ ರೂಪಾಯಿಯಲ್ಲಿ ಈ ಆನೆಯ ಸೊಂಡಿಲು ಗಿಡ್ಡಗಿದ್ದು ಹಂದಿಯಂತೆ ಕಂಡಿದ್ದರಿಂದ ಆಕ್ಷೇಪಣೆ ಎದ್ದು, ನಾಣ್ಯವನ್ನು ಹಿಂತೆಗೆದುಕೊಂಡು 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ಅಂತಹ ನಾಣ್ಯಗಳ ವಿಷಯದಲ್ಲಿ ನಿಯಮ ಸಡಿಲವಾಗುತ್ತದೆ. 1939ರ ಬೆಳ್ಳಿ ರೂಪಾಯಿಯಂತೂ ಸವೆದಿದ್ದರೂ ಬೇಡಿಕೆ ಉಳ್ಳದ್ದು. ಆದುದರಿಂದಲೇ ಅದರ ನಕಲಿಗಳೂ ಹೆಚ್ಚು. ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡದೆ ಹಣ ಕೊಡಬಾರದು.

ಹೊಸಬರಿಗೆ ಅಚ್ಚರಿ ತರುವುದು 58 ಮತ್ತು 60ರ ನಡುವಿನ ವ್ಯತ್ಯಾಸ. 60ರಿಂದ ಮೇಲೆ ‘ಚಲಾವಣೆಗೆ ಬಾರದ’ ನಾಣ್ಯ. ಆದರೆ 60ರಿಂದ 62ರವರೆಗಿನ ನಾಣ್ಯಗಳು ಟಂಕಸಾಲೆಯ ಚೀಲಗಳಲ್ಲಿ ಒಂದಕ್ಕೊಂದು ಬಡಿದು, ರಾಣಿಯ ಕೆನ್ನೆಯ ತುಂಬ ಗಾಯ ಮಾಡಿಕೊಂಡಿರುತ್ತವೆ. 58ರದು ಕೂದಲೆಳೆಯಷ್ಟು ಸವೆದಿದ್ದರೂ ನೋಡಲು ಅಚ್ಚುಕಟ್ಟು. ಹೀಗಿದ್ದೂ ಪಟ್ಟಿಯಲ್ಲಿ 60ಕ್ಕೆ ಬೆಲೆ ಜಾಸ್ತಿ. ಕಣ್ಣಿಗೆ ಹಿತವಲ್ಲದ ವಸ್ತುವಿಗೆ ಕೇವಲ ಹಣೆಪಟ್ಟಿಗಾಗಿ ಹೆಚ್ಚು ತೆರುವುದು ವ್ಯರ್ಥವೆಂದು ಅನೇಕರು ಈ ಮೂರು ದರ್ಜೆಗಳನ್ನು ದಾಟಿ, 58ಕ್ಕೆ ನಿಲ್ಲುತ್ತಾರೆ ಇಲ್ಲವೇ 63ಕ್ಕೆ ಏರುತ್ತಾರೆ. ಈ ನಿಲುವು ಸರಿಯೆಂದೇ ಹೇಳಬೇಕು.

ಅಂಕಿಯೇ ದೊರೆಯದ ನಾಣ್ಯಗಳ ಗುಂಪು ಇನ್ನೊಂದಿದೆ. ಅಮೆರಿಕದ ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು ಇವನ್ನು ‘ಡೀಟೇಲ್ಸ್’ ಎಂದು ಗುರುತಿಸುತ್ತವೆ. ನಮ್ಮಲ್ಲಿ ಇಂಥವು ಹೇರಳ, ಅದಕ್ಕೆ ಕಾರಣ ನಮ್ಮ ಮನೆಗಳಲ್ಲಿಯೇ ಇದೆ. ರೂಪಾಯಿಗೆ ತೂತು ಕೊರೆದು ಸರಕ್ಕೆ ಪೋಣಿಸಿದ್ದಾರೆ. ಅಕ್ಕಸಾಲಿಗರು ಕೊಂಡಿ ಬೆಸೆದಿದ್ದಾರೆ. ಲಕ್ಷ್ಮೀಪೂಜೆಗೆ ಇಡುವ ಮುನ್ನ ಬೂದಿಯಿಂದ ಉಜ್ಜಿದ್ದಾರೆ. ಕೊಂಡಿ ಕಿತ್ತರೂ ಅಂಚಿನಲ್ಲಿ ಬೆಸುಗೆಯ ಗುರುತು ಉಳಿಯುತ್ತದೆ. ಆದ್ದರಿಂದ ನಾಣ್ಯದ ಎರಡು ಮುಖಗಳಷ್ಟೇ ಅಲ್ಲ, ಅಂಚನ್ನೂ ಸುತ್ತ ತಿರುಗಿಸಿ ನೋಡುವುದು ಅಗತ್ಯ.

ಉಜ್ಜಿದ್ದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿಸಿ ತಿರುಗಿಸಿದರೆ, ಮೂಲ ಹೊಳಪು ಉಳಿದಿರುವ ನಾಣ್ಯದಲ್ಲಿ ಬೆಳಕಿನ ಪಟ್ಟಿ ಚಕ್ರದ ಅರೆಗಳಂತೆ ಸುತ್ತುತ್ತದೆ. ಉಜ್ಜಿದ ನಾಣ್ಯದಲ್ಲಿ ಬೆಳಕು ಎಲ್ಲೆಡೆ ಒಂದೇ ಸಮ ಹರಡಿ, ಒಂದೇ ದಿಕ್ಕಿಗೆ ಓಡುವ ನವಿರು ಗೀರುಗಳು ಕಾಣುತ್ತವೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೆ ಅನುಮಾನ ಬಲವಾಗಬೇಕು. ಗಾಳಿಯಲ್ಲಿನ ಗಂಧಕದಿಂದ ಬೆಳ್ಳಿಯ ಮೇಲೆ ತಾನಾಗಿ ಕೂತ ಕಪ್ಪು ದೋಷವಲ್ಲ. ಅದನ್ನು ತೆಗೆದವರು ಲೋಹದ ಮೇಲ್ಪದರವನ್ನೂ ತೆಗೆದಿರುತ್ತಾರೆ.

ಟಿಪ್ಪು ಸುಲ್ತಾನನ ಆನೆಯ ತಾಮ್ರದ ನಾಣ್ಯಗಳಿಗೂ ವಿಜಯನಗರದ ವರಾಹಗಳಿಗೂ ಈ ಅಂಕಿಗಳು ಒಗ್ಗುವುದಿಲ್ಲ. ಕೈಯಿಂದ ಬಡಿದು ಅಚ್ಚೊತ್ತಿದ ನಾಣ್ಯದಲ್ಲಿ ಆನೆಯ ಸೊಂಡಿಲು ಅಂಚಿನಾಚೆ ಹೋಗಿದ್ದರೆ ಅದು ಸವೆತವಲ್ಲ. ಅಲ್ಲಿ ಚಿತ್ರ, ಇಸವಿ, ಟಂಕಸಾಲೆಯ ಹೆಸರು ಎಷ್ಟು ಉಳಿದಿವೆ ಎಂಬುದೇ ಮುಖ್ಯ.

ಇನ್ನು ಆಧುನಿಕ ನಾಣ್ಯಗಳಿಗೆ 69, 70 ಎಂಬ ಅಂಕಿ ಹಚ್ಚಿ ದುಬಾರಿ ಬೆಲೆಗೆ ಮಾರುವುದುಂಟು. ಯಂತ್ರದಲ್ಲಿ ತಯಾರಾಗಿ ನೇರವಾಗಿ ಪೊಟ್ಟಣ ಸೇರಿದ ನಾಣ್ಯ ಚೆನ್ನಾಗಿರುವುದರಲ್ಲಿ ವಿಶೇಷವೇನಿಲ್ಲ.

ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ಖಾಸಗಿಯವರು ಅದನ್ನು ತಾವಾಗಿಯೇ ವಿದೇಶಕ್ಕೆ ರವಾನಿಸುವಂತಿಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮುಂಗಡವಾಗಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ಬ್ಯಾಂಕ್ ಸಾರ್ವಜನಿಕರನ್ನು ಎಚ್ಚರಿಸಿತ್ತು. ಅಂತಹ ವ್ಯವಹಾರವನ್ನು ತಾನು ನಡೆಸುವುದೂ ಇಲ್ಲ, ಅದಕ್ಕಾಗಿ ಶುಲ್ಕ ಪಡೆಯುವುದೂ ಇಲ್ಲ ಎಂದು ಅದು ಸ್ಪಷ್ಟಪಡಿಸಿದೆ.