ಎರಡು ಮಾನಿಟರ್, ಎರಡರಲ್ಲೂ ಒಂದೇ ಚಿತ್ರ!

ಹೊಸ ಡಾಕ್ ತಂದ್ರಿ, ಎರಡು ಮಾನಿಟರ್ ಹಾಕಿದ್ರಿ. ನೋಡಿದ್ರೆ ಎರಡರಲ್ಲೂ ಅದೇ ಎಕ್ಸೆಲ್ ಶೀಟ್! ಡಾಕ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ತಾಳಿ.

ವಿಂಡೋಸ್ ಆದ್ರೆ, ವಿಂಡೋಸ್ ಕೀ ಜೊತೆ ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಮ್ಯಾಕ್ ಕಥೆ ಬೇರೆ. ಸಾಮಾನ್ಯ ಯುಎಸ್‌ಬಿ-ಸಿ ಡಾಕ್‌ಗಳು ಎಂಎಸ್‌ಟಿ ಅನ್ನೋ ವಿಧಾನದಲ್ಲಿ ಒಂದೇ ಕೇಬಲ್‌ನಲ್ಲಿ ಬರೋ ವಿಡಿಯೊವನ್ನ ಎರಡು ಪರದೆಗೆ ಹಂಚುತ್ತವೆ. ವಿಂಡೋಸ್‌ಗೆ ಇದು ಸಲೀಸು. ಮ್ಯಾಕ್‌ಓಎಸ್ ಮಾತ್ರ ಎರಡಕ್ಕೂ ಒಂದೇ ಚಿತ್ರ ಕಳಿಸುತ್ತೆ. ಸಾಲದ್ದಕ್ಕೆ ಎಂ1, ಎಂ2 ಮ್ಯಾಕ್‌ಬುಕ್ ಏರ್ ನಡೆಸೋದೇ ಹೊರಗಿನ ಒಂದು ಮಾನಿಟರ್! ಎಂ3 ಏರ್‌ನಲ್ಲಿ ಎರಡು, ಆದ್ರೆ ಮುಚ್ಚಳ ಮುಚ್ಚಿರಬೇಕು. ಎಂ4ಗೆ ಆ ತಕರಾರಿಲ್ಲ.

ಹಳೇ ಏರ್ ಇದ್ದವರು ಡಿಸ್‌ಪ್ಲೇಲಿಂಕ್ ಚಿಪ್ ಇರೋ ಡಾಕ್ ತಗೊಳ್ಳಿ, ಅದರ ಡ್ರೈವರ್ ಹಾಕ್ಕೊಳ್ಳಿ. ಲ್ಯಾಪ್‌ಟಾಪೇ ಚಿತ್ರವನ್ನ ಕುಗ್ಗಿಸಿ ಡೇಟಾ ಥರ ಕಳಿಸುತ್ತೆ. ಕೋಡಿಂಗ್, ಲೆಕ್ಕಪತ್ರಕ್ಕೆ ಧಾರಾಳ ಸಾಕು. ಗೇಮ್ ಆಡೋಕೆ ನಾನಂತೂ ಹೇಳಲ್ಲ.

ಇನ್ನು 4ಕೆ ಪರದೆ ಮೇಲೆ ಮೌಸ್ ತಡವರಿಸ್ತಿದ್ಯಾ? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ನೋಡಿ. 30 ಹರ್ಟ್ಸ್ ಅಂತಿದ್ರೆ 60 ಮಾಡಿ. ಆ ಆಯ್ಕೆಯೇ ಕಾಣ್ತಿಲ್ಲ ಅಂದ್ರೆ ರೆಸಲ್ಯೂಷನ್ ಇಳಿಸಿ ನೋಡಿ.